ಮ್ಯಾಗ್ನೆಟ್ ಹಿಡಿಯದ್ದೆಲ್ಲ ಬೆಳ್ಳಿಯಲ್ಲ, ತಲೆಕೆಳಗಾದದ್ದೆಲ್ಲ ತಪ್ಪು ಅಚ್ಚಲ್ಲ

ಪ್ರಶ್ನೆ: ನಮ್ಮ ಮನೆ ಕಾಪು ಹತ್ತಿರ. ಅಜ್ಜ ಹಿಂದೆ ನೈರೋಬಿಯಲ್ಲಿ ಅಂಗಡಿ ಕೆಲಸಕ್ಕಿದ್ದವರು, ಅಪ್ಪ ಕುವೈತ್ ಮತ್ತು ದುಬೈಯಲ್ಲಿ. ಅಟ್ಟ ಗುಡಿಸುವಾಗ ಒಂದು ಬಿಸ್ಕಿಟ್ ಡಬ್ಬ ಸಿಕ್ಕಿತು, ಒಳಗೆ ಸುಮಾರು 140 ಪರದೇಶದ ನಾಣ್ಯ. ಉಡುಪಿಯ ಒಬ್ಬ ಚಿನ್ನದ ಕೆಲಸದವರು ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿದ್ದು ಕಬ್ಬಿಣ, ಅಂಟದ ಬಿಳಿ ನಾಣ್ಯ ಬೆಳ್ಳಿ ಇರಬಹುದು ಎಂದರು. ಸಿಂಹದ ಚಿತ್ರವಿರುವ ಪೂರ್ವ ಆಫ್ರಿಕಾದ ಒಂದು ಶಿಲಿಂಗ್ ಹನ್ನೊಂದು ಇವೆ. 1942ರವು ಆರು, 1949ರವು ಐದು. 1780 ಎಂದು ಬರೆದ ದೊಡ್ಡ ನಾಣ್ಯ ಒಂದಿದೆ. ಅಮೆರಿಕದ ಕ್ವಾರ್ಟರ್, ಥಾಯ್ಲೆಂಡಿನ ಬಾತ್‌ಗಳಲ್ಲಿ ಒಂದು ಬದಿ ನೆಟ್ಟಗಿದ್ದರೆ ಇನ್ನೊಂದು ಬದಿ ತಲೆಕೆಳಗು. ಕುವೈತಿನ ಒಂದು 50 ಫಿಲ್ಸ್‌ನಲ್ಲಿ ಹಡಗು ಓರೆಯಾಗಿದೆ. ಭಾವ ಯೂಟ್ಯೂಬ್ ನೋಡಿ ‘ಇದೆಲ್ಲ ಎರರ್ ಕಾಯಿನ್, ಲಕ್ಷಗಟ್ಟಲೆ ಸಿಗ್ತದೆ’ ಅಂತ ಹೇಳ್ತಾ ಇದ್ದಾರೆ. ಅಮ್ಮ ಎಲ್ಲವನ್ನೂ ಹುಣಸೆಹುಳಿ ಹಾಕಿ ತಿಕ್ಕಲು ಹೊರಟಿದ್ದಾರೆ. ಯಾವುದು ಬೆಳ್ಳಿ, ಯಾವುದು ತಪ್ಪು ಅಚ್ಚು ಎಂದು ಮನೆಯಲ್ಲೇ ತಿಳಿಯುವ ದಾರಿ ಇದೆಯೇ?

ಉತ್ತರ: ಮೊದಲು ಅಮ್ಮನ ಕೈಯಿಂದ ಡಬ್ಬ ತೆಗೆದಿಡಿ. ಹುಣಸೆಹುಳಿ, ಪುನರ್ಪುಳಿ, ನಿಂಬೆ, ಬೂದಿ ಇವೆಲ್ಲ ಹಿತ್ತಾಳೆಯ ದೀಪಕ್ಕೆ ಸರಿ. ನಾಣ್ಯದ ಮೇಲೆ ಹುಳಿ ಬಿದ್ದರೆ ಕೊಳೆಯ ಜೊತೆಗೆ ಲೋಹದ ಮೇಲ್ಪದರವೂ ಹೋಗುತ್ತದೆ. ತಿಕ್ಕಿದ ಗೀರು ಭೂತಗನ್ನಡಿಯಲ್ಲಿ ಎದ್ದು ಕಾಣುತ್ತದೆ. ಅಂಥ ನಾಣ್ಯಕ್ಕೆ ಸಂಗ್ರಹಕಾರರು ಅರ್ಧ ಬೆಲೆಯನ್ನೂ ಹೇಳುವುದಿಲ್ಲ. ತಾಮ್ರದ ಲೇಪವಿರುವ ಸ್ಟೀಲ್ ನಾಣ್ಯವನ್ನಂತೂ ಹುಳಿಯಲ್ಲಿ ನೆನೆಸಿದರೆ ಲೇಪ ತೆಳುವಾಗಿ, ಒಂದೇ ಮಳೆಗಾಲದಲ್ಲಿ ಒಳಗಿನಿಂದ ತುಕ್ಕು ಹೊರಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ವಿಷಯಗಳು ಕಲೆತಿವೆ: ನಾಣ್ಯ ಯಾವ ಲೋಹದ್ದು ಎಂಬುದು ಒಂದು, ಅದರ ಎರಡು ಬದಿಯ ಅಚ್ಚು ಒಂದಕ್ಕೊಂದು ಯಾವ ದಿಕ್ಕಿನಲ್ಲಿ ಕೂತಿದೆ ಎಂಬುದು ಇನ್ನೊಂದು. ಎರಡಕ್ಕೂ ಮೊದಲು ನೋಡಬೇಕಾದದ್ದು ಮಾತ್ರ ಒಂದೇ: ದೇಶ, ಬೆಲೆ, ಇಸವಿ. ಇಸವಿ ಓದದೆ ಮ್ಯಾಗ್ನೆಟ್ ಎತ್ತಿಕೊಂಡರೆ ಮಂಡೆಬಿಸಿ ಹೆಚ್ಚಾಗುವುದೇ ಹೊರತು ಉತ್ತರ ಸಿಗುವುದಿಲ್ಲ.

ಚಿನ್ನದ ಕೆಲಸದವರು ಹೇಳಿದ್ದು ಅರ್ಧ ಸತ್ಯ. ಮ್ಯಾಗ್ನೆಟ್‌ಗೆ ಬಲವಾಗಿ ಅಂಟುವುದು ಕಬ್ಬಿಣ ಒಂದೇ ಅಲ್ಲ, ಶುದ್ಧ ನಿಕಲ್ ಕೂಡ ಅಂಟುತ್ತದೆ. ಹುಲಿಯ ಚಿತ್ರವಿರುವ ನಮ್ಮ 1947ರ ರೂಪಾಯಿ ನಿಕಲ್‌ದು, ಅಂಟುತ್ತದೆ. ಅದನ್ನು ಕಬ್ಬಿಣ ಎಂದು ಬದಿಗೆ ಎಸೆದವರಿದ್ದಾರೆ. ಇನ್ನು ಅಂಟದ ಬಿಳಿ ನಾಣ್ಯಗಳಲ್ಲಿ ಬಹುಪಾಲು ಕ್ಯುಪ್ರೊನಿಕಲ್, ಅಂದರೆ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್ ಸೇರಿಸಿದ ಮಿಶ್ರಲೋಹ. ನಿಕಲ್ ಇದ್ದರೂ ತಾಮ್ರದೊಳಗೆ ಕರಗಿ ಹೋದ ಮೇಲೆ ಅದು ನಮ್ಮ ಕೋಣೆಯ ಉಷ್ಣತೆಯಲ್ಲಿ ಮ್ಯಾಗ್ನೆಟ್‌ಗೆ ಸ್ಪಂದಿಸುವುದಿಲ್ಲ. ಅಪ್ಪನ ಕುವೈತ್ ಕಾಲದ 20, 50, 100 ಫಿಲ್ಸ್ ಎಲ್ಲ ಈ ಜಾತಿಯವು. ಬಣ್ಣ ಬೆಳ್ಳಿಯದು, ಒಂದು ಗುಲಗಂಜಿ ಬೆಳ್ಳಿಯೂ ಇಲ್ಲ. ಆದ್ದರಿಂದ ಮ್ಯಾಗ್ನೆಟ್ ಬಲವಾಗಿ ಹಿಡಿದರೆ ‘ಇದು ಬೆಳ್ಳಿ ಅಲ್ಲ’ ಎಂದು ಖಚಿತವಾಗಿ ಹೇಳಬಹುದು. ‘ಇದು ಬೆಳ್ಳಿ’ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಮ್ಯಾಗ್ನೆಟ್‌ನಿಂದ ನಿಜವಾದ ಉಪಯೋಗ ಇರುವುದು ಒಂದೇ ನಾಣ್ಯದ ಹಳೆಯ ಮತ್ತು ಹೊಸ ಮಾದರಿಯನ್ನು ಬೇರ್ಪಡಿಸುವಾಗ. ಯುಎಇಯ ಒಂದು ದಿರ್ಹಮ್ ನೋಡಿ. 1973ರಿಂದ ಬಂದ ದೊಡ್ಡದು 28.5 ಮಿ.ಮೀ. ಅಗಲ, 1995ರಿಂದ ಬಂದ ಚಿಕ್ಕದು 24 ಮಿ.ಮೀ.; ಎರಡೂ ಕ್ಯುಪ್ರೊನಿಕಲ್, ಅಂಟುವುದಿಲ್ಲ. 2012ರ ನಂತರದ್ದು ನಿಕಲ್ ಲೇಪದ ಸ್ಟೀಲ್, ಟಪ್ಪನೆ ಅಂಟುತ್ತದೆ. ಬ್ರಿಟನ್ನಿನ 1 ಮತ್ತು 2 ಪೆನ್ನಿ 1992ರವರೆಗೆ ಕಂಚು, ಆ ವರ್ಷದ ಸೆಪ್ಟೆಂಬರ್‌ನಿಂದ ತಾಮ್ರ ಲೇಪಿಸಿದ ಸ್ಟೀಲ್. 1998ರ 2 ಪೆನ್ನಿಯಲ್ಲೂ ಎರಡೂ ಬಗೆ ಸಿಗುತ್ತವೆ, ಅಲ್ಲಿ ಮ್ಯಾಗ್ನೆಟ್ಟೇ ಸುಲಭದ ದಾರಿ. ಯೂರೋದ 1, 2, 5 ಸೆಂಟ್ ಅಂಟುತ್ತವೆ, 10, 20, 50 ಸೆಂಟ್ ಅಂಟುವುದಿಲ್ಲ. 1 ಮತ್ತು 2 ಯೂರೋದ ನಡುಭಾಗ ಮಾತ್ರ ಅಂಟುತ್ತದೆ, ಏಕೆಂದರೆ ಅದರ ಒಳಪದರ ನಿಕಲ್. ಇಟಲಿಯ 1939ರ ಸ್ಟೀಲ್ ನಾಣ್ಯಗಳಲ್ಲಿ ಅಂಟುವವೂ ಇವೆ, ಅಂಟದವೂ ಇವೆ. ಸಂಗ್ರಹಕಾರರು ಅವನ್ನು ಎರಡು ಬೇರೆ ಬಗೆಯಾಗಿಯೇ ಇಡುತ್ತಾರೆ. ಚಿಕ್ಕ ನಿಯೋಡಿಮಿಯಮ್ ಮ್ಯಾಗ್ನೆಟ್ ತನ್ನಿ, ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ. ಬರಿಯ ಮ್ಯಾಗ್ನೆಟ್ ಹಾರಿ ಬಡಿದರೆ ನಾಣ್ಯದ ಮೇಲೆ ಗುಳಿ ಬೀಳುತ್ತದೆ.

ಅದೇ ಮ್ಯಾಗ್ನೆಟ್‌ನಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ನಾಣ್ಯವನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಮೇಲಿನಿಂದ ಮ್ಯಾಗ್ನೆಟ್ ಜಾರಿಸಿ. ಬೆಳ್ಳಿ ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಚಲಿಸುವ ಮ್ಯಾಗ್ನೆಟ್ ಅದರೊಳಗೆ ಸುಳಿಪ್ರವಾಹ ಎಬ್ಬಿಸುತ್ತದೆ, ಆ ಪ್ರವಾಹ ಮ್ಯಾಗ್ನೆಟ್‌ನ್ನು ತಡೆಯುತ್ತದೆ. ಜೇನಿನಲ್ಲಿ ಇಳಿದ ಹಾಗೆ ನಿಧಾನ ಇಳಿಯುತ್ತದೆ. ಕ್ಯುಪ್ರೊನಿಕಲ್ ಮೇಲೆ ಸರ್ರನೆ ಜಾರುತ್ತದೆ. ತಾಮ್ರದ ಮೇಲೂ ನಿಧಾನವೇ, ಹಾಗಾಗಿ ಬೆಳ್ಳಿ ಮುಲಾಮು ಹಾಕಿದ ತಾಮ್ರ ಇಲ್ಲಿ ಮೋಸ ಮಾಡಬಲ್ಲದು. ದೊಡ್ಡ ನಾಣ್ಯದಲ್ಲಿ ಮಾತ್ರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಈಗ ನಿಮ್ಮ ಶಿಲಿಂಗ್‌ಗಳು. ಪೂರ್ವ ಆಫ್ರಿಕಾದ ಒಂದು ಶಿಲಿಂಗ್ 1921ರಿಂದ 1946ರವರೆಗೆ ಶೇಕಡ 25 ಬೆಳ್ಳಿ, ಉಳಿದದ್ದು ಬಹುಪಾಲು ತಾಮ್ರ. 1948ರಿಂದ ಕ್ಯುಪ್ರೊನಿಕಲ್. ಎರಡರ ತೂಕವೂ ಸುಮಾರು 7.78 ಗ್ರಾಂ, ಅಗಲವೂ ಒಂದೇ. ಆದ್ದರಿಂದ ನಿಮ್ಮ 1942ರ ಆರು ಬೆಳ್ಳಿ ಮಿಶ್ರದವು, 1949ರ ಐದು ಅಲ್ಲ, ಇಸವಿಯೇ ಹೇಳಿಬಿಟ್ಟಿತು. ಸವೆದ ಕಡೆ ನೋಡಿದರೂ ಸುಳಿವು ಸಿಗುತ್ತದೆ. ಕಡಿಮೆ ಬೆಳ್ಳಿಯ ನಾಣ್ಯದ ಉಬ್ಬು ಭಾಗಗಳು, ಅಂದರೆ ರಾಜನ ಕೆನ್ನೆ, ಸಿಂಹದ ಬೆನ್ನು, ಸವೆದಾಗ ಸ್ವಲ್ಪ ಹಳದಿಗೆಂಪು ಇಣುಕುತ್ತದೆ. ಕ್ಯುಪ್ರೊನಿಕಲ್ ಸವೆದರೂ ಬೂದುಬಿಳಿಯೇ.

ಇಸವಿ ಅಳಿಸಿದ ನಾಣ್ಯ ಸಿಕ್ಕರೆ ನೀರಿನ ತೂಕವೇ ಗತಿ. ಬೇಕಾದದ್ದು: 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ಅಗಲ ಬಾಯಿಯ ಹಗುರ ಪ್ಲಾಸ್ಟಿಕ್ ಲೋಟ, ಹೊಲಿಗೆ ನೂಲು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಮೊದಲು ಒಣ ನಾಣ್ಯ ತೂಗಿ ಬರೆದಿಡಿ. ನಂತರ ಅರ್ಧ ಲೋಟ ನೀರು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ನೂಲಿನ ಕುಣಿಕೆ ಹಾಕಿ ಪೂರ್ತಿ ಮುಳುಗುವಂತೆ ತೂಗುಬಿಡಿ. ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಬಂತು. ನಮ್ಮ ಬೇಸಿಗೆಯಲ್ಲಿ ನೀರು 30 ಡಿಗ್ರಿ ಇರುತ್ತದೆ, ಬಂದ ಉತ್ತರವನ್ನು 0.996ರಿಂದ ಗುಣಿಸಿಬಿಡಿ.

ಶುದ್ಧ ಬೆಳ್ಳಿ 10.49, ಶೇಕಡ 90 ಬೆಳ್ಳಿ 10.3, ಶೇಕಡ 50ರದ್ದು ಸುಮಾರು 9.5, ನಿಮ್ಮ ಶೇಕಡ 25ರದ್ದು 9.3. ಕ್ಯುಪ್ರೊನಿಕಲ್ ಮತ್ತು ನಿಕಲ್ 8.9, ಸ್ಟೀಲ್ 7.7ರಿಂದ 7.9, ಸತು 7.1, ಅಲ್ಯುಮಿನಿಯಮ್ 2.7. ಅಂಟುವ ನಾಣ್ಯ ನಿಕಲ್‌ದೋ ಸ್ಟೀಲಿನದೋ ಎಂಬ ಅನುಮಾನವನ್ನೂ ಇದೇ ಲೆಕ್ಕ ತೀರಿಸುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಒಂದು ಶಿಲಿಂಗ್ ಬೆಳ್ಳಿ ಮಿಶ್ರದ್ದಾದರೆ ನೀರಿನಲ್ಲಿ 0.84 ಗ್ರಾಂ ತೋರಿಸುತ್ತದೆ, ಕ್ಯುಪ್ರೊನಿಕಲ್ ಆದರೆ 0.87. ವ್ಯತ್ಯಾಸ ಬರೀ 0.03 ಗ್ರಾಂ. ನೂಲಿಗೆ ಅಂಟಿದ ಒಂದು ಗಾಳಿಗುಳ್ಳೆ, ಫ್ಯಾನಿನ ಗಾಳಿ, ಒಂದು ಹನಿ ನೀರು, ಇದರಲ್ಲಿ ಯಾವುದಿದ್ದರೂ ಲೆಕ್ಕ ತಲೆಕೆಳಗು. ಉಪಾಯ ಇಷ್ಟೇ: ಒಂದೇ ಬಗೆಯ ಐದು ನಾಣ್ಯಗಳನ್ನು ಒಂದೇ ನೂಲಿಗೆ ಕಟ್ಟಿ, ನಡುನಡುವೆ ಗಾಳಿ ಸಿಗದಂತೆ ಬಿಡಿಬಿಡಿಯಾಗಿ ತೂಗುಬಿಡಿ. ಈಗ 4.18 ಮತ್ತು 4.35, ಸಾಧಾರಣ ತಕ್ಕಡಿಗೂ ಗೊತ್ತಾಗುವಷ್ಟು ದೂರ. ಲಿಕ್ವಿಡ್ಡಿನ ಹನಿ ಹಾಕುವುದು ಗುಳ್ಳೆ ಅಂಟದಿರಲಿ ಎಂದು. ಮೂರು ಸಲ ತೂಗಿ, ನಡುವಿನ ಅಂಕಿ ತೆಗೆದುಕೊಳ್ಳಿ. ಎರಡು ಮೂರು ಗ್ರಾಂನ ಒಂಟಿ ನಾಣ್ಯಕ್ಕೆ ಈ ವಿಧಾನವನ್ನು ನಂಬಬೇಡಿ.

ಅಮೆರಿಕದ ಕ್ವಾರ್ಟರ್‌ಗೆ ಇಷ್ಟೆಲ್ಲ ಬೇಡ. ಅಂಚು ನೋಡಿ. ತಾಮ್ರದ ಕೆಂಪು ಗೆರೆ ಕಂಡರೆ 1965ರಿಂದ ಬಂದ ಪದರದ ನಾಣ್ಯ, ತೂಕ 5.67 ಗ್ರಾಂ. 1964ರವರೆಗಿನದು ಶೇಕಡ 90 ಬೆಳ್ಳಿ, 6.25 ಗ್ರಾಂ, ಅಂಚು ಪೂರ್ತಿ ಬಿಳಿ. ಬ್ರಿಟನ್ನಿನ ಬೆಳ್ಳಿ ನಾಣ್ಯಗಳ ಲೆಕ್ಕವೂ ಇಸವಿಯಲ್ಲೇ ಇದೆ: 1919ರವರೆಗೆ ಶೇಕಡ 92.5, 1920ರಿಂದ 1946ರವರೆಗೆ ಶೇಕಡ 50, 1947ರಿಂದ ಬೆಳ್ಳಿಯೇ ಇಲ್ಲ.

1780ರ ದೊಡ್ಡ ನಾಣ್ಯ ಮರಿಯಾ ತೆರೇಸಾ ಥಾಲರ್ ಇರಬೇಕು. ಆಸ್ಟ್ರಿಯಾದ ರಾಣಿಯ ಮುಖವಿರುವ ಈ ನಾಣ್ಯ ಯೆಮನ್, ಓಮನ್, ಇಥಿಯೋಪಿಯಾಗಳಲ್ಲಿ ವ್ಯಾಪಾರದ ಹಣವಾಗಿತ್ತು. ಅರಬರು ಬೇರೆ ಇಸವಿಯದನ್ನು ನಂಬುತ್ತಿರಲಿಲ್ಲವಾದ್ದರಿಂದ ಆಕೆ ತೀರಿಕೊಂಡ ವರ್ಷವನ್ನೇ ಹಾಗೇ ಉಳಿಸಿಕೊಂಡು ಹಲವು ಟಂಕಸಾಲೆಗಳು 20ನೇ ಶತಮಾನದಲ್ಲೂ ಅಚ್ಚು ಹಾಕಿದವು. 1940ರ ನಂತರದ ಯುದ್ಧಕಾಲದಲ್ಲಿ ನಮ್ಮ ಮುಂಬಯಿ ಟಂಕಸಾಲೆಯೂ ಹಾಕಿತ್ತು. ಆದ್ದರಿಂದ ‘240 ವರ್ಷ ಹಳೆಯದು’ ಎಂಬ ಲೆಕ್ಕ ಬೇಡ. ಅಸಲಿ ಥಾಲರ್ 28.07 ಗ್ರಾಂ, ಶೇಕಡ 83.3 ಬೆಳ್ಳಿ, ಸುಮಾರು 40 ಮಿ.ಮೀ. ಅಗಲ, ನೀರಿನಲ್ಲಿ 2.75 ಗ್ರಾಂ ಆಸುಪಾಸು ತೋರಿಸಬೇಕು. ಬೆಳ್ಳಿ ಮುಲಾಮಿನ ಹಿತ್ತಾಳೆಯಾದರೆ 3.3ಕ್ಕೆ ಹೋಗುತ್ತದೆ. ಅಂಚಿನಲ್ಲಿ ಲ್ಯಾಟಿನ್ ಅಕ್ಷರಗಳು ಉಬ್ಬಾಗಿ ಇರಬೇಕು, ‘ನ್ಯಾಯ ಮತ್ತು ದಯೆ’ ಎಂಬ ಅರ್ಥದ ಮಾತು. ಅಂಚು ನುಣುಪಾಗಿದ್ದರೆ ಅಥವಾ ಬರೀ ಗೀಟುಗಳಿದ್ದರೆ ನಕಲಿ ಎಂದೇ ತಿಳಿಯಿರಿ.

ಅಚ್ಚಿನ ದಿಕ್ಕು ಈಗ. ನಾಣ್ಯದ ಎರಡು ಬದಿಗಳನ್ನು ಜೋಡಿಸುವ ಕ್ರಮ ಜಗತ್ತಿನಲ್ಲಿ ಎರಡಿದೆ, ಎರಡೂ ಸರಿಯೇ. ಪುಸ್ತಕದ ಹಾಳೆ ತಿರುವಿದ ಹಾಗೆ ನಾಣ್ಯವನ್ನು ಬಲದಿಂದ ಎಡಕ್ಕೆ ತಿರುಗಿಸಿದಾಗ ಹಿಂಬದಿ ನೆಟ್ಟಗೆ ಕಂಡರೆ ಅದು ಮೆಡಲ್ ಜೋಡಣೆ. ಗೋಡೆಯ ಕ್ಯಾಲೆಂಡರಿನ ಹಾಳೆ ಕೆಳಗಿನಿಂದ ಮೇಲಕ್ಕೆ ಎತ್ತಿದ ಹಾಗೆ ತಿರುಗಿಸಿದಾಗ ನೆಟ್ಟಗೆ ಕಂಡರೆ ಕಾಯಿನ್ ಜೋಡಣೆ. ನಮ್ಮ ನಾಣ್ಯಗಳು, ಬ್ರಿಟನ್, ಜಪಾನ್, ಯೂರೋ, ಕುವೈತ್, ಯುಎಇ ಎಲ್ಲ ಮೊದಲನೆಯ ಗುಂಪು. ಅಮೆರಿಕ, ಥಾಯ್ಲೆಂಡ್, ದಕ್ಷಿಣ ಕೊರಿಯಾ, ಯೂರೋ ಬರುವ ಮೊದಲಿನ ಫ್ರಾನ್ಸ್ ಎರಡನೆಯದು. ನಿಮ್ಮ ಕ್ವಾರ್ಟರ್, ಬಾತ್ ತಲೆಕೆಳಗಾಗಿರುವುದು ಆ ದೇಶಗಳ ರೂಢಿ. ಕೋಟಿಗಟ್ಟಲೆ ನಾಣ್ಯ ಹಾಗೆಯೇ ಇವೆ. ಭಾವನವರಿಗೆ ಇದನ್ನು ಮೆತ್ತಗೆ ಹೇಳಿ. ಸ್ವಿಟ್ಜರ್‌ಲೆಂಡಿನ ಅರ್ಧ ಫ್ರಾಂಕ್ 1981ರವರೆಗೆ ಕಾಯಿನ್ ಜೋಡಣೆ, ಮರುವರ್ಷದಿಂದ ಮೆಡಲ್. ಹೀಗೆ ಇಲ್ಲೂ ಇಸವಿಯನ್ನು ಕೇಳಲೇಬೇಕು.

ಪರೀಕ್ಷೆ ಮಾಡುವಾಗ ಹೆಚ್ಚಿನವರು ತಪ್ಪುವುದು ತಿರುಗಿಸುವುದರಲ್ಲಿ. ನಾಣ್ಯವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಅಂಚು ಹಿಡಿಯಿರಿ. ಮುಂಬದಿ ಸರಿಯಾಗಿ ನೆಟ್ಟಗಿರಲಿ. ಇನ್ನೊಂದು ಕೈಯಿಂದ ಅದನ್ನು ಕಿಟಕಿ ಬಾಗಿಲು ತಿರುಗಿದ ಹಾಗೆ ತಿರುಗಿಸಿ.

ಗಲ್ಫ್ ನಾಣ್ಯದಲ್ಲಿ ನೆಟ್ಟಗೆ ಯಾವುದು ಎಂದು ಹುಡುಕುವುದೇ ಮೊದಲ ಕೆಲಸ. ಕುವೈತಿಗೆ ಹಡಗು, ಯುಎಇ ದಿರ್ಹಮ್‌ಗೆ ಕಾಫಿ ಹೂಜಿ, ಸೌದಿಗೆ ಅಡ್ಡಕತ್ತಿಗಳ ಮೇಲೆ ನಿಂತ ಖರ್ಜೂರದ ಮರ ಆಧಾರ. ಬರೀ ಅರಬಿ ಅಂಕಿಗಳಿದ್ದರೆ ಜಾಗ್ರತೆ: ಏಳು ಎಂಬ ಅಂಕಿ ಬಾಯಿ ಮೇಲೆ ತೆರೆದ ಕವೆಯ ಹಾಗಿದೆ, ಎಂಟು ಅದನ್ನೇ ಮಗುಚಿದ ಹಾಗಿದೆ. ನಾಣ್ಯ ತಲೆಕೆಳಗು ಹಿಡಿದರೆ ಇಸವಿಯೂ ತಪ್ಪಾಗುತ್ತದೆ, ಅಚ್ಚಿನ ದಿಕ್ಕೂ ತಪ್ಪಾಗುತ್ತದೆ. ಸೊನ್ನೆ ಬರೀ ಚುಕ್ಕಿ, ಐದು ಸಣ್ಣ ಸುತ್ತು. ಸೊನ್ನೆಯೆಂದು ಐದನ್ನು ಓದುವುದು ಸಾಮಾನ್ಯ ತಪ್ಪು.

ನಿಮ್ಮ ಡಬ್ಬದಲ್ಲಿ ನಿಜವಾಗಿ ನೋಡಬೇಕಾದದ್ದು ಆ ಓರೆ ಹಡಗಿನ 50 ಫಿಲ್ಸ್. ಅಚ್ಚುಗಳನ್ನು ಪ್ರೆಸ್ಸಿನಲ್ಲಿ ಕೂರಿಸುವಾಗ ದಿಕ್ಕು ತಪ್ಪಿದರೆ, ಅಥವಾ ಬಿಗಿ ಸಡಿಲಾಗಿ ಒಂದು ಅಚ್ಚು ನಿಂತಲ್ಲೇ ತಿರುಗಿದರೆ, ಎರಡು ಬದಿಗಳ ನಡುವೆ ಕೋನ ಬರುತ್ತದೆ. ಪ್ರೆಸ್ಸು ನಿಮಿಷಕ್ಕೆ ನೂರಾರು ನಾಣ್ಯ ಹೊಡೆಯುತ್ತದೆ, ಯಾರಾದರೂ ಗಮನಿಸುವಷ್ಟರಲ್ಲಿ ಸಾವಿರಾರು ಹೊರಬಿದ್ದಿರುತ್ತವೆ. ಹಾಗಾಗಿ ‘ಲೋಕದಲ್ಲೇ ಒಂದು’ ಎಂಬುದು ಇಲ್ಲಿ ಸಲ್ಲುವುದಿಲ್ಲ. ಸಡಿಲಾದ ಅಚ್ಚು ಮೆಲ್ಲಮೆಲ್ಲನೆ ತಿರುಗುವುದರಿಂದ ಒಂದೇ ಇಸವಿಯಲ್ಲಿ 20, 50, 90 ಡಿಗ್ರಿ ಎಲ್ಲವೂ ಸಿಗಬಹುದು.

ಕೋನ ಅಳೆಯಲು ಶಾಲೆ ಮಕ್ಕಳ ಕಂಪಾಸ್ ಬಾಕ್ಸಿನ ಕೋನಮಾಪಕ ಸಾಕು. ಚೌಕದ ರಟ್ಟಿನಲ್ಲಿ ನಾಣ್ಯ ಬಿಗಿಯಾಗಿ ಕೂರುವ ತೂತು ಕೊರೆಯಿರಿ. ಬೆಲೆ ಬರೆದ ಬದಿಯ ಅಕ್ಷರ ರಟ್ಟಿನ ಅಂಚಿಗೆ ಸಮನಾಗಿರುವಂತೆ ಕೂರಿಸಿ. ರಟ್ಟನ್ನು ಪುಸ್ತಕದ ಹಾಳೆಯಂತೆ ತಿರುವಿ. ಹಡಗಿನ ಕೆಳಗಿನ ಗೆರೆ ರಟ್ಟಿನ ಅಂಚಿಗೆ ಎಷ್ಟು ಓರೆ, ಪ್ರದಕ್ಷಿಣವೋ ಅಪ್ರದಕ್ಷಿಣವೋ ಎಂದು ಬರೆದುಕೊಳ್ಳಿ. 10 ಡಿಗ್ರಿಯೊಳಗೆ ಇದ್ದರೆ ಟಂಕಸಾಲೆಯ ಸಾಮಾನ್ಯ ಹೆಚ್ಚುಕಡಿಮೆ, ಯಾರೂ ಕೇಳುವುದಿಲ್ಲ. 30 ದಾಟಿದರೆ ಸಂಗ್ರಹಕಾರರು ಕಣ್ಣು ಹಾಯಿಸುತ್ತಾರೆ. 90 ಮತ್ತು 180ಕ್ಕೆ ಬೇಡಿಕೆ ಹೆಚ್ಚು, ಆದರೂ ಲಕ್ಷದ ಮಾತು ದೂರವೇ.

ಮೂಲೆಗಳಿರುವ ನಾಣ್ಯದಲ್ಲಿ ಒಂದು ಸ್ವಾರಸ್ಯವಿದೆ. ಯುಎಇಯ ಈಗಿನ 50 ಫಿಲ್ಸ್‌ಗೆ ಏಳು ಬದಿ. ಅಚ್ಚಿನ ಕುತ್ತಿಗೆಯೂ ಸುತ್ತಲಿನ ಉಕ್ಕಿನ ಕಾಲರೂ ಅದೇ ಆಕಾರದವು, ಹಾಗಾಗಿ ಅಚ್ಚು ಮನಬಂದಂತೆ ತಿರುಗಲಾರದು. ತಪ್ಪಿ ಕೂತರೆ 51.4 ಡಿಗ್ರಿ ಅಥವಾ ಅದರ ಗುಣಕಗಳಲ್ಲೇ ಕೂರಬೇಕು. ಅಂಥ ನಾಣ್ಯದಲ್ಲಿ 20 ಡಿಗ್ರಿ ಓರೆ ಎಂದು ಯಾರಾದರೂ ಮಾರಲು ಬಂದರೆ ಬೇಡ ಎನ್ನಿ. ಎರಡು ಲೋಹದ ನಾಣ್ಯದಲ್ಲೂ ಇಂಥದೇ ಗುಟ್ಟು. ಬಳೆ ಮತ್ತು ನಡುಬಿಲ್ಲೆಗೆ ಒಂದೇ ಏಟಿನಲ್ಲಿ ಅಚ್ಚು ಬೀಳುತ್ತದೆ, ಆದ್ದರಿಂದ ಎರಡನ್ನೂ ದಾಟುವ ಗೆರೆ ಮುರಿಯದೆ ಸಾಗಬೇಕು. ನಡುಬಿಲ್ಲೆ ಮಾತ್ರ ತಿರುಗಿದ್ದರೆ ಯಾರೋ ಒತ್ತಿ ತೆಗೆದು ಮತ್ತೆ ಕೂರಿಸಿದ್ದಾರೆ.

ಮುಂದೇನು ಎಂಬುದಕ್ಕೆ ದಾರಿ ಕೆಲವಿದೆ. ಕರಗಿಸಿ ಮಾರುವುದು ಬೇಡ: ಒಂದು ಶಿಲಿಂಗ್‌ನಲ್ಲಿ ಬೆಳ್ಳಿ ಎರಡು ಗ್ರಾಂಗೂ ಕಡಿಮೆ, ಆರರಲ್ಲಿ ಸೇರಿ ಸುಮಾರು 11.7 ಗ್ರಾಂ, ಶುದ್ಧ ಮಾಡುವ ಖರ್ಚು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಒರೆಗಲ್ಲಿಗೆ ಉಜ್ಜಲು, ಆಸಿಡ್ ಹನಿ ಹಾಕಲು ಕೊಡಬೇಡಿ. ಉತ್ತರ ಸಿಗುತ್ತದೆ, ನಾಣ್ಯ ಕೆಡುತ್ತದೆ. ಹಾಲ್‌ಮಾರ್ಕ್ ಕೇಂದ್ರದಲ್ಲಿ ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಗಾಯ ಮಾಡುವುದಿಲ್ಲ, ಆದರೆ ಅದು ಓದುವುದು ಮೇಲ್ಪದರವನ್ನು ಮಾತ್ರ. ಟಂಕಸಾಲೆಯಲ್ಲಿ ಬಿಲ್ಲೆಯನ್ನು ಆಸಿಡ್‌ನಲ್ಲಿ ತೊಳೆಯುವಾಗ ಮೇಲಿನ ತಾಮ್ರ ಕರಗಿ ಬೆಳ್ಳಿ ಉಳಿಯುವುದರಿಂದ, ನಿಮ್ಮ ಶೇಕಡ 25ರ ಶಿಲಿಂಗ್ ಯಂತ್ರದಲ್ಲಿ ಅದಕ್ಕಿಂತ ಹೆಚ್ಚು ತೋರಿಸಬಹುದು. ಅದನ್ನು ನೀರಿನ ತೂಕದ ಜೊತೆ ಹೊಂದಿಸಿ ನೋಡಿ. ವಿದೇಶಿ ನಾಣ್ಯ ಎಷ್ಟು ಬೇಕಾದರೂ ಮನೆಯಲ್ಲಿಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ, ಆದರೆ ಬ್ಯಾಂಕು, ಹಣ ಬದಲಿಸುವವರು ಸಾಮಾನ್ಯವಾಗಿ ನೋಟು ಮಾತ್ರ ತೆಗೆದುಕೊಳ್ಳುತ್ತಾರೆ. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಕಳಿಸುವುದಕ್ಕೆ 1972ರ ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ. 1780 ಎಂದು ಬರೆದ ಥಾಲರನ್ನು ಅಂಚೆಗೆ ಹಾಕಿದರೆ ಅದು ಮರು ಅಚ್ಚು ಎಂದು ಕಸ್ಟಮ್ಸ್‌ಗೆ ಒಪ್ಪಿಸುವ ಹೊಣೆ ನಿಮ್ಮದು.

ಇಡುವ ವಿಷಯ: ನಮ್ಮ ಉಪ್ಪುಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಸ್ಟೀಲ್ ನಾಣ್ಯ ಮೊದಲು ಬಲಿಯಾಗುತ್ತದೆ. ತುಕ್ಕು ಹಿಡಿದವನ್ನು ಇವತ್ತೇ ಬೇರೆ ಮಾಡಿ. ಮೆತ್ತನೆಯ ಪಿವಿಸಿ ಪೌಚಿನಲ್ಲಿ ಹಾಕಬೇಡಿ, ಕೆಲ ವರ್ಷದಲ್ಲಿ ಹಸಿರು ಅಂಟು ಬಿಡುತ್ತದೆ. ಈಗಾಗಲೇ ಅಂಥ ಅಂಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ ನೆನೆಸಿದರೆ ಹೋಗುತ್ತದೆ, ಲೋಹಕ್ಕೆ ತೊಂದರೆಯಿಲ್ಲ; ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಪರಿಮಳದ ನೈಲ್ ಪಾಲಿಶ್ ರಿಮೂವರ್ ಅದಕ್ಕೆ ಬದಲಿಯಲ್ಲ. ರಟ್ಟಿನ ಹೋಲ್ಡರಿನಲ್ಲಿಟ್ಟು, ಮುಚ್ಚಳ ಬಿಗಿಯಾದ ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿ.

ಓರೆ ಹಡಗಿನ 50 ಫಿಲ್ಸ್‌ನ್ನು ಮಾತ್ರ ರಟ್ಟಿನಲ್ಲಿ ಕೂರಿಸಿದ ಹಾಗೆಯೇ ಎರಡೂ ಬದಿ ನೇರವಾಗಿ ಮೇಲಿನಿಂದ ಫೋಟೊ ತೆಗೆದು, ಕೋನ, ದಿಕ್ಕು, ಇಸವಿ, ತೂಕ ಬರೆದಿಡಿ. ಈ ನಾಣ್ಯದ ಸರಿಯಾದ ಅಳತೆ 4.5 ಗ್ರಾಂ, 23 ಮಿ.ಮೀ.; ಅದಕ್ಕೆ ಹೊಂದದಿದ್ದರೆ ಕೋನ ಅಳೆಯುವ ಮೊದಲೇ, ಎರಡು ನಾಣ್ಯ ಕೊರೆದು ಜೋಡಿಸಿದ ನಕಲಿಯೇ ಎಂದು ತಿಳಿಯಲು ಅಂಚಿನ ಒಳಬದಿಯಲ್ಲಿ ಅಂಟಿಸಿದ ಗೆರೆಯನ್ನು ಭೂತಗನ್ನಡಿಯಲ್ಲಿ ಹುಡುಕಿ.